ಗಂಧರ್ವರಿಲ್ಲದ ಸೈರಂಧ್ರಿ: ಕೀಚಕ ಪ್ರಸಂಗ ಮತ್ತು ದಂಡನೆಯ ಪ್ರಶ್ನೆ

1

ವಿರಾಟಪರ್ವದ ಕೀಚಕ ಪ್ರಸಂಗವನ್ನು ನಮ್ಮ ಪರಂಪರೆ 'ಕೀಚಕವಧೆ' ಎಂದೇ ಕರೆಯುತ್ತ ಬಂದಿದೆ. ವ್ಯಾಸಭಾರತದ ಉಪಪರ್ವಕ್ಕೂ ಅದೇ ಹೆಸರು, ಯಕ್ಷಗಾನದ ಜನಪ್ರಿಯ ಪ್ರಸಂಗಕ್ಕೂ ಅದೇ ಹೆಸರು. ಹೆಸರು ಒಂದು ಓದನ್ನು ಮೊದಲೇ ನಿಗದಿ ಮಾಡಿಬಿಡುತ್ತದೆ. ಕಥೆಯ ತುದಿಯಲ್ಲಿ ಭೀಮನಿದ್ದಾನೆ, ಕತ್ತಲೆಯ ನರ್ತನಶಾಲೆಯಿದೆ, ಕೀಚಕನ ದೇಹ ಮಾಂಸದ ಮುದ್ದೆಯಾಗುವುದಿದೆ ಎಂದು ತಿಳಿದೇ ನಾವು ಕಥೆಯನ್ನು ಪ್ರವೇಶಿಸುತ್ತೇವೆ. ಆ ತುದಿಯನ್ನು ತಲಪುವ ತವಕದಲ್ಲಿ ನಡುವೆ ನಡೆದುದು ನಮಗೆ ಕೇವಲ ಪೂರ್ವಸಿದ್ಧತೆಯಾಗಿ ತೋರುತ್ತದೆ.

ಪ್ರಸ್ತುತ ಲೇಖನ ಈ ಪ್ರಸಂಗವನ್ನು ವಧೆಯ ಕಡೆಯಿಂದ ಓದದೆ ದೂರಿನ ಕಡೆಯಿಂದ ಓದಲು ಯತ್ನಿಸುತ್ತದೆ. ಲೈಂಗಿಕ ದೌರ್ಜನ್ಯವನ್ನು ಸಮಾಜ ಹೇಗೆ ತಡೆಯಬೇಕು, ಹೇಗೆ ದಂಡಿಸಬೇಕು ಎಂಬ ಪ್ರಶ್ನೆ ಕಳೆದ ಕೆಲವು ದಶಕಗಳಲ್ಲಿ ದೆಹಲಿ, ಹೈದರಾಬಾದು, ಕೋಲ್ಕತ್ತಾಗಳ ಬೀದಿಗಳಲ್ಲಿ ಮತ್ತೆಮತ್ತೆ ಕೇಳಿಬಂದಿದೆ. ಪ್ರತಿ ಸಾರಿಯೂ ಆ ಪ್ರಶ್ನೆ ಬಹುಬೇಗ 'ಯಾವ ಶಿಕ್ಷೆ' ಎಂಬ ಒಂದೇ ಪ್ರಶ್ನೆಯಾಗಿ ಕುಗ್ಗಿದೆ. ಹೀಗೆ ಕುಗ್ಗುವುದಕ್ಕೂ ನಾವು ಕೀಚಕನ ಕಥೆಯನ್ನು ಓದಿಕೊಂಡ ಬಗೆಗೂ ಸಂಬಂಧವಿದೆ ಎಂಬುದು ಇಲ್ಲಿಯ ವಾದ. ಮಹಾಕಾವ್ಯದಲ್ಲಿ ಇಂದಿನ ಕಾನೂನನ್ನು ಹುಡುಕುವುದು ನನ್ನ ಉದ್ದೇಶವಲ್ಲ. ಆದರೆ ಕಾವ್ಯವು ಅನ್ಯಾಯದ ನಡೆಯನ್ನು ಎಷ್ಟು ಸೂಕ್ಷ್ಮವಾಗಿ ಗುರುತಿಸಿದೆಯೋ ಅಷ್ಟು ಸೂಕ್ಷ್ಮವಾಗಿ ಅದರ ಓದುಗರಾದ ನಾವು ಗುರುತಿಸಿಲ್ಲ ಎಂಬುದನ್ನು ತೋರಿಸಬೇಕಾಗಿದೆ.

2

ಕಥೆಯನ್ನು ವ್ಯಾಸಭಾರತದ ಕ್ರಮದಲ್ಲಿ ನೋಡೋಣ. ಅಜ್ಞಾತವಾಸದ ದ್ರೌಪದಿ ಸೈರಂಧ್ರಿಯಾಗಿ ಸುದೇಷ್ಣೆಯ ಅಂತಃಪುರದಲ್ಲಿ ಕೆಲಸಕ್ಕಿದ್ದಾಳೆ. ಎಂಜಲು ಮುಟ್ಟುವುದಿಲ್ಲ, ಕಾಲು ತೊಳೆಯುವುದಿಲ್ಲ ಎಂಬ ಕರಾರಿನೊಡನೆ ಸೇರಿದವಳು. ಐವರು ಗಂಧರ್ವರು ತನ್ನ ಕಾವಲಿಗಿದ್ದಾರೆ ಎಂದು ಮೊದಲೇ ಹೇಳಿದ್ದಾಳೆ. ಕೀಚಕ ಒಡತಿಯ ತಮ್ಮ, ರಾಜ್ಯದ ಸೇನಾಪತಿ. ಅವನು ಮೊದಲು ಸೈರಂಧ್ರಿಯನ್ನು ನೇರವಾಗಿ ಕೇಳುತ್ತಾನೆ. ಅವಳು ಸ್ಪಷ್ಟವಾಗಿ ನಿರಾಕರಿಸುತ್ತಾಳೆ. ಅನಂತರ ಅವನು ಅಕ್ಕನ ಮೊರೆಹೋಗುತ್ತಾನೆ. ಹಬ್ಬದ ದಿನ ಮದ್ಯ ತರುವ ನೆಪದಲ್ಲಿ ಅವಳನ್ನು ನಿನ್ನ ಮನೆಗೆ ಕಳಿಸುತ್ತೇನೆಂದು ಸುದೇಷ್ಣೆಯೇ ಉಪಾಯ ಹೂಡುತ್ತಾಳೆ. ನನ್ನನ್ನು ಕಳಿಸಬೇಡಿ, ಬೇರೆ ದಾಸಿಯರಿದ್ದಾರಲ್ಲ ಎಂದು ಸೈರಂಧ್ರಿ ಬೇಡಿಕೊಂಡರೂ ಒಡತಿ ಒಪ್ಪುವುದಿಲ್ಲ. ನಾನು ಕಳಿಸಿದವಳನ್ನು ಅವನು ಹಿಂಸಿಸಲಾರ ಎಂಬ ಭರವಸೆ ಕೊಟ್ಟು ಕೈಗೆ ಚಿನ್ನದ ಪಾತ್ರೆ ಕೊಡುತ್ತಾಳೆ.

ಅಪರಾಧಕ್ಕೆ ಮುಂಚಿನ ಈ ಘಟ್ಟದ ಮಹತ್ವವನ್ನು ಗಮನಿಸಬೇಕು. ಇಲ್ಲಿ ನಡೆಯುವುದು ಕತ್ತಲೆಯಲ್ಲಿ ಅಪರಿಚಿತನೊಬ್ಬ ಎರಗುವ ಘಟನೆಯಲ್ಲ. ನಿರಾಕರಣೆ ಎಲ್ಲರಿಗೂ ಗೊತ್ತಿದೆ, ಅಪಾಯ ಗೊತ್ತಿದೆ, ಕೆಲಸದವಳು ಬಾಯಿಬಿಟ್ಟು ಹೇಳಿದ್ದಾಳೆ; ಆದರೂ ಕೆಲಸ ಕೊಟ್ಟವರ ಆಜ್ಞೆಯೇ ಅವಳನ್ನು ಅಪಾಯದ ಬಾಗಿಲಿಗೆ ಒಯ್ಯುತ್ತದೆ. ತಡೆಯಬಹುದಾಗಿದ್ದ ಕ್ಷಣವೊಂದಿದ್ದರೆ ಅದು ಇದೇ.

ಎರಡನೆಯ ಘಟ್ಟ ರಾಜಸಭೆಯದು. ಕೀಚಕನ ಕೈಯಿಂದ ಬಿಡಿಸಿಕೊಂಡು ಅವಳು ಓಡುವುದು ಸಭೆಗೆ. ಅವನು ಬೆನ್ನಟ್ಟಿ ಬಂದು, ಅರಸನ ಕಣ್ಣೆದುರಿನಲ್ಲೇ ಅವಳ ಮುಡಿ ಹಿಡಿದು ಒದೆಯುತ್ತಾನೆ. ಅವಳು ವಿರಾಟನನ್ನು ಕೇಳುವುದು ಪ್ರತೀಕಾರವನ್ನಲ್ಲ, ರಾಜಧರ್ಮವನ್ನು. ವಿರಾಟನ ಉತ್ತರ ಇಂದಿಗೂ ಕಿವಿಗೆ ಪರಿಚಿತವಾದುದು: ನಿಮ್ಮಿಬ್ಬರ ಜಗಳ ನನ್ನ ಕಣ್ಮರೆಯಲ್ಲಿ ನಡೆದದ್ದು, ವಸ್ತುಸ್ಥಿತಿ ತಿಳಿಯದೆ ನಾನೇನು ತೀರ್ಪು ಕೊಡಲಿ? ತನ್ನೆದುರು ಬಿದ್ದ ಒದೆಯನ್ನು ಬಿಟ್ಟು, ಕಾಣದ ಭಾಗಕ್ಕೆ ಸಾಕ್ಷಿ ಕೇಳುವ ಜಾಣತನ ಇಲ್ಲಿದೆ. ಸಭಾಸದರು ಕೀಚಕನನ್ನು ನಿಂದಿಸುತ್ತಾರೆ, ಆದರೆ ಅವರ ಮಾತು ಬೇಗನೆ ಅವಳ ಚೆಲುವಿನ ಹೊಗಳಿಕೆಗೆ, ಇಂಥವಳು ಯಾರ ಹೆಂಡತಿಯೋ ಅವನೇ ಭಾಗ್ಯವಂತನೆಂಬ ಮೆಚ್ಚುಗೆಗೆ ಜಾರುತ್ತದೆ. ಕಂಕನ ವೇಷದ ಧರ್ಮರಾಯನಂತೂ ನಟಿಯ ಹಾಗೆ ಅತ್ತು ಸಭೆಯ ಜೂಜಾಟಕ್ಕೆ ಅಡ್ಡಿಮಾಡಬೇಡ, ಒಳಗೆ ಹೋಗು ಎನ್ನುತ್ತಾನೆ. ಗುಟ್ಟು ಬಯಲಾಗಬಾರದೆಂಬ ಅವನ ಕಾರಣ ನಮಗೆ ಗೊತ್ತು. ಹಿತೈಷಿಗಳು ಮೌನವನ್ನು ಬೋಧಿಸುವಾಗ ಯಾವಾಗಲೂ ಒಂದು ಕಾರಣವಿರುತ್ತದೆ.

ಮೂರನೆಯ ಘಟ್ಟ ವಧೆಯ ಅನಂತರದ್ದು. ಇದನ್ನು ನಮ್ಮ ನೆನಪು ಬಹುತೇಕ ಕೈಬಿಟ್ಟಿದೆ. ಕೀಚಕ ಸತ್ತೊಡನೆ ಅವನ ಬಂಧುಗಳಾದ ಉಪಕೀಚಕರು, ಇವಳಿಂದಲೇ ಅವನು ಸತ್ತ, ಅವನೊಡನೆ ಇವಳನ್ನೂ ಸುಡುತ್ತೇವೆ ಎಂದು ವಿರಾಟನ ಅಪ್ಪಣೆ ಕೇಳುತ್ತಾರೆ. ಅವರ ಬಲಕ್ಕೆ ಅಂಜಿದ ಅರಸ ಅಪ್ಪಣೆ ಕೊಡುತ್ತಾನೆ. ಭೀಮ ಸ್ಮಶಾನಕ್ಕೆ ಬಂದು ನೂರೈದು ಜನರನ್ನು ಕೊಂದು ಅವಳನ್ನು ಬಿಡಿಸಬೇಕಾಗುತ್ತದೆ. ಅವಳು ಊರಿಗೆ ಮರಳಿದಾಗ ಜನ ಅವಳನ್ನು ಕಂಡು ದಿಕ್ಕಾಪಾಲಾಗಿ ಓಡುತ್ತಾರೆ. ಕೊನೆಗೆ ವಿರಾಟ, ಅವಳು ಇಲ್ಲಿಂದ ಹೊರಡಲಿ ಎಂದು ಸುದೇಷ್ಣೆಯಿಂದ ಹೇಳಿಸುತ್ತಾನೆ. ಅವಳು ಹದಿಮೂರು ದಿನಗಳ ಅವಕಾಶ ಬೇಡಿಕೊಳ್ಳುತ್ತಾಳೆ.

ಹೀಗೆ ವಧೆಯಿಂದ ಕೀಚಕ ಇಲ್ಲವಾದ. ಆದರೆ ಅವಳನ್ನು ಕಳಿಸಿಕೊಟ್ಟ ಅಂತಃಪುರ ಹಾಗೆಯೇ ಇದೆ, ದೂರನ್ನು ತಳ್ಳಿಹಾಕಿದ ಸಭೆಯೂ ಹಾಗೆಯೇ ಇದೆ. ಕೆಲಸ ಕಳೆದುಕೊಳ್ಳುವ ಸ್ಥಿತಿಗೆ ಬಂದವಳು ದೂರು ಕೊಟ್ಟವಳು. ಶಿಕ್ಷೆ ಪೂರ್ಣವಾದ ಮೇಲೂ ನ್ಯಾಯ ಆರಂಭವಾಗಿಲ್ಲವೆಂಬುದನ್ನು ವ್ಯಾಸಭಾರತ ಯಾವ ವ್ಯಾಖ್ಯಾನವೂ ಇಲ್ಲದೆ ನಿರೂಪಿಸುತ್ತದೆ.

3

ಕಾವ್ಯವನ್ನು ಇಷ್ಟು ಮೆಚ್ಚಿಕೊಂಡ ಮೇಲೆ ಅದರ ಮಿತಿಯನ್ನೂ ಹೇಳಬೇಕು. ಸಭೆಯಲ್ಲಿ ಸೈರಂಧ್ರಿ ಮಂಡಿಸುವ ವಾದದ ಆಧಾರವೇನು? ಅಂತಹ ಪರಾಕ್ರಮಿಗಳ ಮಾನಿನಿಯಾದ ನನ್ನನ್ನು ಸೂತಪುತ್ರನೊಬ್ಬ ಕಾಲಿನಿಂದ ಒದೆದನಲ್ಲ ಎಂಬುದು ಅವಳ ಅಳಲು. ಅಪಮಾನದ ತೂಕವನ್ನು ಅಳೆಯುವುದು ಗಂಡಂದಿರ ಹಿರಿಮೆಯಿಂದ ಮತ್ತು ಒದೆದವನ ಕುಲದಿಂದ. ದಾಸಿಯೊಬ್ಬಳ ದೇಹ ದಾಸಿಯದಾಗಿಯೇ ಅಭೇದ್ಯವೆಂಬ ಮಾತು ಆ ಸಭೆಯಲ್ಲಿ ಯಾರ ಬಾಯಿಂದಲೂ ಬರುವುದಿಲ್ಲ, ಅವಳ ಬಾಯಿಂದಲೂ ಬರುವುದಿಲ್ಲ. ಆಗ ಓದುಗ ಕೇಳಲೇಬೇಕಾದ ಪ್ರಶ್ನೆಯೊಂದು ಏಳುತ್ತದೆ: ಅವಳು ನಿಜವಾಗಿ ಸೈರಂಧ್ರಿಯೇ ಆಗಿದ್ದರೆ, ಅವಳಿಗೆ ಗಂಧರ್ವರೇ ಇಲ್ಲದಿದ್ದರೆ?

ಈ ಮಿತಿ ಕಾವ್ಯದ್ದು ಮಾತ್ರವಲ್ಲ. ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರ ತನ್ನ ಮಿತಾಕ್ಷರಕ್ಕೆ ಆಧಾರವಾಗಿ ಆರಿಸಿಕೊಂಡ ಯಾಜ್ಞವಲ್ಕ್ಯಸ್ಮೃತಿಯ ಸ್ತ್ರೀಸಂಗ್ರಹಣ ಪ್ರಕರಣವನ್ನು ನೋಡಬಹುದು. ಅಲ್ಲಿ ಒಂದೇ ಕೃತ್ಯಕ್ಕೆ ಸಮಾನ ವರ್ಣದವಳಾದರೆ ಉತ್ತಮ ದಂಡ, ಕೆಳಗಿನ ವರ್ಣದವಳಾದರೆ ಮಧ್ಯಮ ದಂಡ, ಮೇಲಿನ ವರ್ಣದವಳಾದರೆ ವಧೆ. ಆ ಪ್ರಕರಣದ ಲಕ್ಷ್ಯ ಬಲಾತ್ಕಾರಕ್ಕಿಂತ ಪರಸ್ತ್ರೀಸಂಗದ ಮೇಲಿದೆ, ಹೆಣ್ಣಿಗೂ ಅಲ್ಲಿ ದಂಡನೆಯಿದೆ ಎಂಬುದನ್ನು ಮರೆಯಬಾರದು. ಅದನ್ನು ಇಲ್ಲಿ ನೆನೆಯುವುದಕ್ಕೆ ಕಾರಣ ಬೇರೆ. ಮರಣದಂಡನೆಯ ಕಾಠಿಣ್ಯ ನೊಂದವಳ ನೋವನ್ನು ಅಳೆದು ಹುಟ್ಟಿದ್ದಲ್ಲ. ಯಾರ ಮನೆಯ ಹೆಣ್ಣು ಎಂಬುದನ್ನು ಅಳೆದು ಹುಟ್ಟಿದ್ದು. ಅತಿ ಕಠಿಣ ಶಿಕ್ಷೆಯೇ ಸ್ತ್ರೀಗೌರವದ ಅತ್ಯುನ್ನತ ರೂಪವೆಂದು ನಂಬುವವರು ಈ ಚರಿತ್ರೆಯನ್ನು ಗಮನಿಸುವುದು ಒಳಿತು.

ನಮ್ಮ ಭಾಷೆಯಲ್ಲೂ ಈ ಚರಿತ್ರೆ ಉಳಿದಿದೆ. 'ಮಾನಭಂಗ', 'ಶೀಲಹರಣ' ಎಂಬ ಪದಗಳಲ್ಲಿ ಕಳೆದುಹೋಗುವುದು ಹೆಣ್ಣಿನದು, ಕೃತ್ಯ ಯಾರದೆಂಬುದು ಮರೆಯಾಗುತ್ತದೆ. 'ಲೈಂಗಿಕ ದೌರ್ಜನ್ಯ' ಎಂಬ ಪದ ಬಳಕೆಗೆ ಬಂದುದು ದೊಡ್ಡ ಸ್ಥಿತ್ಯಂತರ, ಏಕೆಂದರೆ ಅದು ದುರ್ಜನನ ಕಡೆ ಬೆರಳು ಮಾಡುತ್ತದೆ. ಆದರೂ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 74ನೆಯ ಕಲಮು ಹೆಣ್ಣಿನ ವಿನಯಶೀಲತೆಗೆ ಬರುವ ಧಕ್ಕೆಯೆಂಬ ವಸಾಹತುಕಾಲದ ಕಲ್ಪನೆಯನ್ನು ಹಾಗೆಯೇ ಉಳಿಸಿಕೊಂಡಿದೆ.

4

ಮುಂದಿನ ಕಾಲದವರು ಈ ಕಥೆಯನ್ನು ಹೇಗೆ ಓದಿಕೊಂಡರು? ಕುಮಾರವ್ಯಾಸನಲ್ಲಿ ಪ್ರಸಂಗದ ಕೇಂದ್ರ ಬಾಣಸಿನ ಮನೆಗೆ ಸರಿಯುತ್ತದೆ. ನಡುರಾತ್ರಿ ಅಲ್ಲಿಗೆ ಬಂದ ದ್ರೌಪದಿಗೆ ಭೀಮನೂ ಮೊದಲು ಒಲ್ಲೆನೆನ್ನುತ್ತಾನೆ. ಐವರು ಗಂಡಂದಿರ ಗಂಡಸುತನವನ್ನೇ ಪ್ರಶ್ನಿಸುವ ಅವಳ ಮಾತು ಕನ್ನಡ ಕಾವ್ಯದ ಅತ್ಯಂತ ಉಜ್ಜ್ವಲ ಭಾಗಗಳಲ್ಲೊಂದು. ಹೆಣ್ಣಿನ ಕ್ರೋಧಕ್ಕೆ ಇಷ್ಟು ಪೂರ್ಣವಾದ ದನಿ ಕೊಟ್ಟ ಕವಿ ವಿರಳ. ಆದರೆ ಸಭೆಯಲ್ಲಿ ಸಿಗದ ನ್ಯಾಯದ ಪ್ರಶ್ನೆ ಅಡುಗೆಮನೆಯಲ್ಲಿ ದಾಂಪತ್ಯದ ಪ್ರಶ್ನೆಯಾಗುತ್ತದೆಂಬುದನ್ನೂ ಗಮನಿಸಬೇಕು. ಅರಸನನ್ನು ಕೇಳಬೇಕಾದ್ದನ್ನು ಅವಳು ಗಂಡನನ್ನು ಕೇಳಬೇಕಾಗಿ ಬಂದಿದೆ.

ಮರಾಠಿಯ ಕೃಷ್ಣಾಜಿ ಪ್ರಭಾಕರ ಖಾಡಿಲ್ಕರರ 'ಕೀಚಕವಧ' ನಾಟಕ 1907ರದು. ತಿಲಕರ ನಿಕಟವರ್ತಿಯಾಗಿದ್ದ ಖಾಡಿಲ್ಕರರ ಕೀಚಕನಲ್ಲಿ ಪ್ರೇಕ್ಷಕರು ಕರ್ಜನ್‌ನನ್ನು, ಸೈರಂಧ್ರಿಯಲ್ಲಿ ಭಾರತವನ್ನು, ಧರ್ಮರಾಯನಲ್ಲಿ ಮಂದಗಾಮಿಗಳನ್ನು, ಭೀಮನಲ್ಲಿ ತೀವ್ರಗಾಮಿಗಳನ್ನು ಕಂಡರು. 1910ರಲ್ಲಿ ಸರಕಾರ ನಾಟಕವನ್ನು ನಿಷೇಧಿಸಿತು. ರಾಷ್ಟ್ರೀಯ ಹೋರಾಟದಲ್ಲಿ ಅದರ ಪಾತ್ರ ನಿರ್ವಿವಾದ. ಆದರೆ ಈ ಅನ್ಯೋಕ್ತಿಯಲ್ಲಿ ಹೆಣ್ಣಿನ ಮೇಲಿನ ಹಿಂಸೆ ದೇಶದ ಅಪಮಾನದ ಸಂಕೇತವಾಗಿ, ಹೆಣ್ಣು ಕಣ್ಮರೆಯಾಗುತ್ತಾಳೆ. ವಧೆಯೊಂದೇ ಉತ್ತರವಾಗಿ ಉಳಿಯುತ್ತದೆ. ಮದರಾಸಿನಲ್ಲಿ ಆರ್. ನಟರಾಜ ಮೊದಲಿಯಾರ್ 1910ರ ದಶಕದ ಕೊನೆಯ ಭಾಗದಲ್ಲಿ ತಯಾರಿಸಿದ, ದಕ್ಷಿಣ ಭಾರತದ ಮೊದಲ ಮೂಕಿ ಕಥಾಚಿತ್ರವೆಂದು ಹೆಸರಾದ 'ಕೀಚಕ ವಧಂ' ಕೂಡ ಆರಿಸಿಕೊಂಡುದು ಇದೇ ಕಥೆಯನ್ನು, ಇದೇ ಹೆಸರನ್ನು.

ಇದಕ್ಕೆ ಒಂದು ಅಪವಾದ ರಾಜಾ ರವಿವರ್ಮನ ಚಿತ್ರ. ಅಲ್ಲಿ ಭೀಮನೂ ಇಲ್ಲ, ವಧೆಯೂ ಇಲ್ಲ. ಕೀಚಕನ ಮನೆಗೆ ಪಾನೀಯ ಒಯ್ಯಲು ಅಂಜಿ ನಿಂತ ದ್ರೌಪದಿಯಿದ್ದಾಳೆ. ತಡೆಯಬಹುದಾಗಿದ್ದ ಆ ಕ್ಷಣವನ್ನೇ ಚಿತ್ರಕಾರ ಆರಿಸಿಕೊಂಡಿದ್ದಾನೆ. ಕಥೆಯನ್ನು ಈ ಕಡೆಯಿಂದ ನೋಡುವುದು ಸಾಧ್ಯವಿತ್ತೆಂಬುದಕ್ಕೆ ಇದೇ ಸಾಕ್ಷಿ.

5

ಕಾವ್ಯದ ಈ ಮೂರು ಘಟ್ಟಗಳನ್ನು ಮನಸ್ಸಿನಲ್ಲಿರಿಸಿಕೊಂಡು ಇತ್ತೀಚಿನ ಚರಿತ್ರೆಗೆ ಬರೋಣ. ಉತ್ತರ ಕನ್ನಡದ ಹಳದೀಪುರದಿಂದ ಮುಂಬಯಿಗೆ ಬಂದು ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅರುಣಾ ಶಾನಭಾಗರ ಮೇಲೆ 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ನೌಕರನೊಬ್ಬ ಹಲ್ಲೆ ನಡೆಸಿದ. ನಾಯಿಯ ಸರಪಳಿಯಿಂದ ಕುತ್ತಿಗೆ ಬಿಗಿದ ಕಾರಣ ಮಿದುಳಿಗೆ ಪ್ರಾಣವಾಯು ನಿಂತು, ಅವರು 2015ರ ಮೇ 18ರಂದು ತೀರಿಕೊಳ್ಳುವವರೆಗೆ ನಾಲ್ವತ್ತೊಂದು ವರ್ಷಗಳಿಗೂ ಹೆಚ್ಚು ಕಾಲ ಹಾಸಿಗೆಯಲ್ಲೇ ಇದ್ದರು. ಅಪರಾಧಿಗೆ ಶಿಕ್ಷೆಯಾದದ್ದು ಸುಲಿಗೆ ಮತ್ತು ಕೊಲೆಯತ್ನಕ್ಕಾಗಿ, ಏಳು ವರ್ಷ. ಅವನೆಸಗಿದ ಲೈಂಗಿಕ ಹಿಂಸೆಗೆ ಶಿಕ್ಷೆಯಾಗಲಿಲ್ಲ; ಅಂದಿನ ದಂಡ ಸಂಹಿತೆಯ ಬಲಾತ್ಸಂಗದ ವ್ಯಾಖ್ಯೆಯೊಳಗೆ ಅಂತಹ ಕೃತ್ಯ ಬರುತ್ತಲೂ ಇರಲಿಲ್ಲ. ಆ ವ್ಯಾಖ್ಯೆ ಹಿಗ್ಗಿದುದು 2013ರಲ್ಲಿ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಾಗ ಅರುಣಾರ ಹೆಸರು ದಯಾಮರಣದ ಚರ್ಚೆಯೊಂದಿಗೆ ಸೇರಿಹೋಯಿತು. ಅದಕ್ಕೂ ಹಿಂದೆ, 1973ರಲ್ಲೇ, ಮುಂಬಯಿಯ ನರ್ಸುಗಳು ಕೆಲಸದ ಸ್ಥಳದಲ್ಲಿ ರಕ್ಷಣೆ ಬೇಕೆಂದು ಮುಷ್ಕರ ಹೂಡಿದ್ದರು. ಕಾವ್ಯದ ಮೊದಲ ಘಟ್ಟದ ಪ್ರಶ್ನೆಯನ್ನು ಎತ್ತಿದವರು ಅವರೇ. 2024ರ ಆಗಸ್ಟಿನಲ್ಲಿ ಕೋಲ್ಕತ್ತಾದ ಸರಕಾರಿ ವೈದ್ಯಕೀಯ ಕಾಲೇಜೊಂದರಲ್ಲಿ ಕರ್ತವ್ಯದಲ್ಲಿದ್ದ ಯುವವೈದ್ಯೆಯ ಅತ್ಯಾಚಾರ ಮತ್ತು ಕೊಲೆಯಾದಾಗ ದೇಶದ ವೈದ್ಯರು ಮುಂದಿಟ್ಟ ಬೇಡಿಕೆಯೂ ಅದೇ. ನಡುವೆ ಐವತ್ತು ವರ್ಷ ಕಳೆದಿತ್ತು. ಸರ್ವೋಚ್ಚ ನ್ಯಾಯಾಲಯ ವೈದ್ಯರ ಸುರಕ್ಷತೆಗಾಗಿ ರಾಷ್ಟ್ರೀಯ ಕಾರ್ಯಪಡೆಯನ್ನು ನೇಮಿಸಿತು. ರಾಜ್ಯದ ವಿಧಾನಸಭೆ ಮರಣದಂಡನೆಯ ವಿಧೇಯಕವನ್ನು ಅಂಗೀಕರಿಸಿತು.

ಎರಡನೆಯ ಘಟ್ಟದ, ಅಂದರೆ ಸಭೆಯ, ಸ್ಥಿತಿ ಹೇಗಿದೆ? 1972ರಲ್ಲಿ ಮಹಾರಾಷ್ಟ್ರದ ಪೊಲೀಸ್ ಠಾಣೆಯೊಂದರಲ್ಲಿ ಆದಿವಾಸಿ ಹುಡುಗಿಯ ಮೇಲೆ ನಡೆದ ಅತ್ಯಾಚಾರದ ಆರೋಪದಲ್ಲಿ ಸರ್ವೋಚ್ಚ ನ್ಯಾಯಾಲಯ ಇಬ್ಬರು ಪೊಲೀಸರನ್ನು ಬಿಡುಗಡೆ ಮಾಡಿತು. ಅವಳ ಮೈಮೇಲೆ ಗಾಯಗಳಿರಲಿಲ್ಲವೆಂಬುದು ಅಲ್ಲಿಯ ಮುಖ್ಯ ಕಾರಣಗಳಲ್ಲೊಂದು. 1979ರಲ್ಲಿ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಾಗಮ್ವಾರ್, ರಘುನಾಥ ಕೇಳ್ಕರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗಳಿಗೆ ಬರೆದ ಬಹಿರಂಗ ಪತ್ರ, ಶರಣಾಗತಿ ಒಪ್ಪಿಗೆಯಲ್ಲವೆಂಬುದನ್ನು ವಾದಿಸಿತು. ನನ್ನ ದೃಷ್ಟಿಯಲ್ಲಿ ಅದು ವಿರಾಟನ ಉತ್ತರಕ್ಕೆ ಭಾರತ ಕೊಟ್ಟ ಮೊದಲ ಸಮರ್ಥ ಪ್ರತ್ಯುತ್ತರ. 1983ರ ತಿದ್ದುಪಡಿ ಅದರಿಂದ ಹುಟ್ಟಿದ ಚಳವಳಿಯ ಫಲ. 1992ರಲ್ಲಿ ಬಾಲ್ಯವಿವಾಹವನ್ನು ತಡೆಯಹೋದ ರಾಜಸ್ಥಾನದ ಸಾಥಿನ್ ಒಬ್ಬಳ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಆರೋಪಿಗಳು 1995ರಲ್ಲಿ ಕೆಳನ್ಯಾಯಾಲಯದಲ್ಲಿ ಅತ್ಯಾಚಾರದ ಆರೋಪದಿಂದ ಮುಕ್ತರಾದರು. ಆದರೆ ಆ ಪ್ರಕರಣದ ಹಿನ್ನೆಲೆಯಲ್ಲಿ ಮಹಿಳಾ ಸಂಘಟನೆಗಳು ಹೂಡಿದ ಅರ್ಜಿಯಿಂದ 1997ರ ವಿಶಾಖಾ ಮಾರ್ಗಸೂಚಿಯೂ 2013ರ ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆ ಕಾಯಿದೆಯೂ ಬಂದವು. ಈ ಕಾಯಿದೆ ಮನೆಗೆಲಸದವರನ್ನೂ ಒಳಗೊಂಡಿದೆ. ಅವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಸೈರಂಧ್ರಿಗೆ ಕೊನೆಗೂ ಒಂದು ಸಭೆ ದೊರೆಯಿತೆನ್ನಬಹುದು. ಅಂತಹ ಸಮಿತಿಯೊಂದು ತನ್ನ ಜಿಲ್ಲೆಯಲ್ಲಿದೆಯೆಂದು ಎಷ್ಟು ಜನ ಕೆಲಸದ ಹೆಂಗಸರಿಗೆ ಗೊತ್ತಿದೆ ಎಂಬುದು ಬೇರೆ ಮಾತು.

6

ಇನ್ನು ನರ್ತನಶಾಲೆ. 2019ರ ನವೆಂಬರಿನಲ್ಲಿ ಹೈದರಾಬಾದಿನ ಬಳಿ ಪಶುವೈದ್ಯೆಯೊಬ್ಬರ ಅತ್ಯಾಚಾರ ಮತ್ತು ಕೊಲೆ ನಡೆಯಿತು. ಡಿಸೆಂಬರ್ 6ರ ನಸುಕಿನಲ್ಲಿ ನಾಲ್ವರು ಆರೋಪಿಗಳು ಪೊಲೀಸರ ಗುಂಡಿಗೆ ಬಲಿಯಾದರು. ಜನ ಪೊಲೀಸರ ಮೇಲೆ ಹೂವೆರಚಿದರು. ಸರ್ವೋಚ್ಚ ನ್ಯಾಯಾಲಯ ನೇಮಿಸಿದ ಸಿರ್ಪುರ್ಕರ್ ಆಯೋಗದ ವರದಿ 2022ರಲ್ಲಿ ಬಹಿರಂಗವಾದಾಗ, ಆರೋಪಿಗಳನ್ನು ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿತ್ತೆಂದೂ ನಾಲ್ವರಲ್ಲಿ ಮೂವರು ಅಪ್ರಾಪ್ತ ವಯಸ್ಕರೆಂದೂ ಅದು ಹೇಳಿತು. ಆ ಹೂಗಳ ಹಿಂದಿನ ಕೋಪವನ್ನು ನಾನು ಕೀಳಾಗಿ ಕಾಣಲಾರೆ. ಸಭೆಯ ಮೇಲೆ ನಂಬಿಕೆ ಕಳೆದುಕೊಂಡವರು ಭೀಮನನ್ನು ಕರೆಯುತ್ತಾರೆ. ಆದರೆ ಅಲ್ಲೊಂದು ಮುಖ್ಯ ವ್ಯತ್ಯಾಸವಿದೆ. ಭೀಮನಿಗೆ ಅಪರಾಧಿ ಯಾರೆಂಬುದರಲ್ಲಿ ಸಂದೇಹವಿರಲಿಲ್ಲ. ಅವನ ಕಣ್ಣೆದುರೇ ಒದೆ ಬಿದ್ದಿತ್ತು. ವಿಚಾರಣೆಯಿಲ್ಲದ ಗುಂಡಿಗೆ ಅಂತಹ ಖಚಿತತೆಯಿಲ್ಲ. ಮೇಲಾಗಿ ಭೀಮ ಅರಸನ ಭಟನಲ್ಲ. ವಿರಾಟನ ಭಟರೇ ನರ್ತನಶಾಲೆಯಲ್ಲಿ ಕಾದು ಕುಳಿತರೆ, ಅವನು ಸಭೆಯನ್ನು ಸರಿಪಡಿಸುವ ಹೊಣೆಯಿಂದ ಶಾಶ್ವತವಾಗಿ ಪಾರಾದಂತೆ.

ಕಾನೂನುಬದ್ಧ ಮರಣದಂಡನೆಯ ವಾದ ಇದಕ್ಕಿಂತ ಗೌರವಾರ್ಹವಾದುದು, ಅದನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕು. 2012ರ ದೆಹಲಿ ಪ್ರಕರಣದ ಅನಂತರ ನೇಮಕಗೊಂಡ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ ಕೇವಲ 29 ದಿನಗಳಲ್ಲಿ, 2013ರ ಜನವರಿ 23ರಂದು ವರದಿ ಕೊಟ್ಟಿತು. ಅದು ಅತ್ಯಾಚಾರಕ್ಕೆ ಮರಣದಂಡನೆಯನ್ನು ಶಿಫಾರಸು ಮಾಡಲಿಲ್ಲ. ಪೊಲೀಸ್ ವ್ಯವಸ್ಥೆಯ ಸುಧಾರಣೆ, ದೂರು ದಾಖಲಿಸದ ಅಧಿಕಾರಿಗೆ ಶಿಕ್ಷೆ, ವೈದ್ಯಕೀಯ ಪರೀಕ್ಷೆಯ ಮಾನವೀಯ ಕ್ರಮ, ವಿವಾಹದೊಳಗಿನ ಅತ್ಯಾಚಾರಕ್ಕಿರುವ ವಿನಾಯಿತಿಯ ರದ್ದತಿ ಇವುಗಳ ಮೇಲೆ ಒತ್ತುಕೊಟ್ಟಿತು. ಆದರೆ 2013ರ ತಿದ್ದುಪಡಿ ಕೆಲವು ಸಂದರ್ಭಗಳಿಗೆ ಮರಣದಂಡನೆಯನ್ನು ತಂದಿತು. 2018ರ ತಿದ್ದುಪಡಿ ಹನ್ನೆರಡು ವರ್ಷದೊಳಗಿನ ಮಕ್ಕಳ ಪ್ರಕರಣಗಳಿಗೆ ಅದನ್ನು ವಿಸ್ತರಿಸಿತು. ವಿವಾಹದ ವಿನಾಯಿತಿ ಹೊಸ ಸಂಹಿತೆಯಲ್ಲೂ ಉಳಿಯಿತು. ಸಮಿತಿಯ ವರದಿಯಿಂದ ನಾವು ಆಯ್ದುಕೊಂಡದ್ದರಲ್ಲಿಯೂ, ಅದು ಕೊಡದಿದ್ದುದನ್ನು ಸೇರಿಸಿಕೊಂಡದ್ದರಲ್ಲಿಯೂ ನಮ್ಮ ಓದಿನ ಅಭ್ಯಾಸ ಎದ್ದು ಕಾಣುತ್ತದೆ.

ರಾಷ್ಟ್ರೀಯ ಅಪರಾಧ ದಾಖಲೆ ಕೇಂದ್ರದ ವರದಿಗಳು ವರ್ಷವರ್ಷವೂ ಹೇಳುವ ಎರಡು ಸಂಗತಿಗಳನ್ನು ಇಲ್ಲಿ ನೆನೆಯಬೇಕು. ದಾಖಲಾದ ಅತ್ಯಾಚಾರ ಪ್ರಕರಣಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚಿನವುಗಳ ಆರೋಪಿ ನೊಂದವಳಿಗೆ ಪರಿಚಿತನೇ: ಬಂಧು, ನೆರೆಯವ, ಒಡೆಯ, ಗೆಳೆಯ. ವಿಚಾರಣೆ ಮುಗಿದ ಪ್ರಕರಣಗಳಲ್ಲಿ ಶಿಕ್ಷೆಯಾಗುವುದು ಸಾಮಾನ್ಯವಾಗಿ ನೂರಕ್ಕೆ ಮೂವತ್ತಕ್ಕಿಂತ ಕಡಿಮೆ. ಈ ಎರಡನ್ನೂ ಒಟ್ಟಿಗೆ ಓದಿದರೆ ಕೀಚಕನ ಕಥೆಯೇ ಮರಳುತ್ತದೆ. ಅಪರಾಧಿ ಒಡತಿಯ ತಮ್ಮ. ಸಭೆ ತೀರ್ಪು ಕೊಡಲೊಲ್ಲದು. ಅಪರಾಧಿ ಸೋದರಮಾವನೋ ಚಿಕ್ಕಪ್ಪನೋ ಆಗಿರುವಲ್ಲಿ, ಅವನು ನೇಣಿಗೇರುತ್ತಾನೆಂಬ ಅಂಜಿಕೆಯೇ ಮನೆಯವರು ಮಗುವಿನ ಬಾಯಿ ಮುಚ್ಚಿಸಲು ಸಾಕಾಗುತ್ತದೆ. ಅತ್ಯಾಚಾರಕ್ಕೂ ಕೊಲೆಗೂ ಒಂದೇ ಶಿಕ್ಷೆಯಾದರೆ ಸಾಕ್ಷಿಯನ್ನು ಉಳಿಸಬಾರದೆಂಬ ಬುದ್ಧಿ ಅಪರಾಧಿಗೆ ಹುಟ್ಟಬಹುದೆಂಬ ಆತಂಕವೂ ಇದೆ. ಹೆಚ್ಚು ಭಯ ಹುಟ್ಟಿಸಬೇಕಾದುದು ಶಿಕ್ಷೆಯ ಕ್ರೌರ್ಯಕ್ಕಿಂತ ಶಿಕ್ಷೆಯ ಖಚಿತತೆ. ಕೀಚಕ ಸಭೆಯವರೆಗೆ ಬೆನ್ನಟ್ಟಿ ಬಂದುದು ಮರಣದಂಡನೆ ಇಲ್ಲವೆಂಬ ಧೈರ್ಯದಿಂದಲ್ಲ. ವಿರಾಟ ಏನನ್ನೂ ಮಾಡಲಾರ ಎಂಬ ಧೈರ್ಯದಿಂದ.

ಹಾಗಾದರೆ ಸಮಾಜ ಮಾಡಬೇಕಾದುದೇನು? ಮೂರು ಘಟ್ಟಗಳಿಗೆ ಮೂರು ಹೊಣೆಗಳಿವೆ. ನಾನು ಹೋಗಲಾರೆ ಎಂದು ಹೇಳುವ ಕೆಲಸದವಳ ಮಾತಿಗೆ ಬೆಲೆ ಬರಬೇಕು. ಅದನ್ನು ಕಡೆಗಣಿಸಿದ ಸಂಸ್ಥೆ ಉತ್ತರದಾಯಿಯಾಗಬೇಕು. ದೂರು ಹೊತ್ತು ಬಂದವಳಿಗೆ ಸಭೆ ಕಿವಿಗೊಟ್ಟು, ತಡಮಾಡದೆ ವಿಚಾರಿಸಿ, ಆರೋಪಿಗೆ ಸಲ್ಲಬೇಕಾದ ರಕ್ಷಣೆಯನ್ನೂ ಕೊಟ್ಟು, ಅಪರಾಧ ಸಿದ್ಧವಾದಲ್ಲಿ ತಪ್ಪದೆ ದಂಡಿಸಬೇಕು. ತೀರ್ಪಿನ ಅನಂತರ ಅವಳ ಕೆಲಸ, ವಾಸ, ಓಡಾಟಗಳು ಉಳಿಯಬೇಕು; ಉಪಕೀಚಕರಿಂದ ಅವಳಿಗೆ ಕಾವಲಿರಬೇಕು. ಇವುಗಳಲ್ಲಿ ಯಾವುದೂ ಯಕ್ಷಗಾನದ ರಂಗಸ್ಥಳದಲ್ಲಿ ಚೆಂಡೆಯ ಅಬ್ಬರಕ್ಕೆ ಒದಗುವಂಥದಲ್ಲ. ಆದರೆ ಐವರು ಗಂಧರ್ವರಿರುವ ಸೈರಂಧ್ರಿ ಲಕ್ಷಕ್ಕೊಬ್ಬಳು. ಉಳಿದವರಿಗೆ ಇರುವುದು ಸಭೆಯೊಂದೇ. ವಿರಾಟನ ಕಡೆಗೆ ತಿರುಗಿ ಅವಳು ಕೇಳಿದ ರಾಜಧರ್ಮದ ಪ್ರಶ್ನೆಗೆ ಭೀಮನ ಮುಷ್ಟಿ ಉತ್ತರವಾಗಿರಲಿಲ್ಲ. ಉತ್ತರ ಹೇಳಬೇಕಾದವನು ವಿರಾಟನೇ ಆಗಿದ್ದ.